ನೋವಿನ ಮಾತ್ರೆಯ ಚಟ ವಂಶದಲ್ಲಿ ಬರುತ್ತದಾ? ಮಗನ ಆಪರೇಷನ್‌ಗೆ ಮುಂಚೆ ಜೀನ್ ಟೆಸ್ಟ್ ಮಾಡಿಸಬೇಕಾ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗ ಕಡೆಯವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ 19 ವರ್ಷ. ಕಾಲೇಜಿನಲ್ಲಿ ಫುಟ್‌ಬಾಲ್ ಆಡುವಾಗ ಮಂಡಿಯ ಲಿಗಮೆಂಟ್ ಹರಿದಿದೆ. ಮುಂದಿನ ತಿಂಗಳು ಆಪರೇಷನ್. ನೋವಿಗೆ ಆಕ್ಸಿಕೋಡೋನ್ ಬರೆದು ಕೊಡುತ್ತೇವೆ ಅಂದಿದ್ದಾರೆ.

ಅಲ್ಲಿ ತುಂಬಬೇಕಾದ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು. ಕುಟುಂಬದಲ್ಲಿ ಯಾರಿಗಾದರೂ ಕುಡಿತದ, ಡ್ರಗ್ಸ್‌ನ ಅಥವಾ ಮಾತ್ರೆಯ ಚಟ ಇದೆಯಾ ಅಂತ. ನಮ್ಮಪ್ಪ ಕುಡಿತದಿಂದಲೇ ಹೋದರು. ತಮ್ಮ ಊರಲ್ಲಿದ್ದಾನೆ. ಬೈಕಿಂದ ಬಿದ್ದು ಕಾಲು ಮುರಿದಾಗ ಅವನಿಗೆ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಶುರುವಾಯಿತು. ಮೂಳೆ ಕೂಡಿ ವರ್ಷಗಳಾದವು, ಮಾತ್ರೆ ಮಾತ್ರ ಇನ್ನೂ ನಿಂತಿಲ್ಲ. ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮಕ್ಕಳ ಮದುವೆಗೆ ತೊಂದರೆ ಅನ್ನುವ ಭಯ.

ನಾನು "ಹೌದು" ಅಂತ ಬರೆದೆ. ಆಗ ಅಲ್ಲಿದ್ದವರು ಒಂದು ಟೆಸ್ಟ್ ಬಗ್ಗೆ ಹೇಳಿದರು. ಕೆನ್ನೆಯ ಒಳಗೆ ಕಡ್ಡಿ ಸವರಿ ಕಳಿಸಿದರೆ, ಒಪಿಯಾಯ್ಡ್ (ಅಫೀಮಿನ ತರ ಕೆಲಸ ಮಾಡುವ ಔಷಧಗಳು) ಚಟ ಹತ್ತುವ ಅಪಾಯ ಇದೆಯೋ ಇಲ್ಲವೋ ಅಂತ ಜೀನ್ ನೋಡಿ ಹೇಳುತ್ತಾರಂತೆ. ಹೆಸರು ಅವರ್ಟ್‌ಡಿ. ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೂ ಇದೆಯಂತೆ.

ಇದನ್ನು ಮಾಡಿಸಬೇಕಾ? ನಿಜಕ್ಕೂ ಇದು ರಕ್ತದಲ್ಲೇ ಬರುವಂಥದ್ದಾ? ತಿಳಿದವರು ದಯವಿಟ್ಟು ಹೇಳಿ. ನಿದ್ದೆ ಬರುತ್ತಿಲ್ಲ.

ದಾವಣಗೆರೆ ಮನೋವೈದ್ಯ

ಅಕ್ಕ, ಮೊದಲು ಒಂದು ಮಾತು. ಫಾರಂನಲ್ಲಿ ನಿಜ ಬರೆದಿರಲ್ಲ, ಬಹಳ ಒಳ್ಳೆಯದಾಯಿತು. ಈ ಇಡೀ ವಿಷಯದಲ್ಲಿ ನಿಮ್ಮ ಮಗನಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ ಅದೇ.

ವಂಶದಲ್ಲಿ ಬರುತ್ತದಾ ಅಂದರೆ, ಒಲವು ಬರುತ್ತದೆ, ಚಟ ಬರುವುದಿಲ್ಲ. ಅವಳಿ ಮಕ್ಕಳ ಮೇಲೆ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧಕಾಲದ ಸೈನಿಕರಲ್ಲಿ ಅವಳಿಗಳಾದವರ ಒಂದು ದೊಡ್ಡ ಪಟ್ಟಿ ಇದೆ. ಅದರಲ್ಲಿನ 3,372 ಜೋಡಿಗಳನ್ನು ನೋಡಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಜೀನ್‌ಗಳೆಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬನಿಗೆ ಚಟ ಇದ್ದರೆ ಇನ್ನೊಬ್ಬನಿಗೂ ಇರುವ ಸಾಧ್ಯತೆ ಜಾಸ್ತಿ ಕಂಡಿತು. ಗಾಂಜಾ, ಉತ್ತೇಜಕಗಳು, ಹೆರಾಯಿನ್, ಎಲ್ಲಕ್ಕೂ ಸೇರಿದ ಒಂದು ಸಾಮಾನ್ಯ ಒಲವು ಇತ್ತು. ಅದರ ಮೇಲೆ, ತನ್ನದೇ ಆದ ಆನುವಂಶಿಕ ಪಾಲು ಅತಿ ಹೆಚ್ಚು ಇದ್ದದ್ದು ಹೆರಾಯಿನ್‌ಗೆ, ಅಂದರೆ ಒಪಿಯಾಯ್ಡ್‌ಗೆ.

ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಡ್ರಗ್ಸ್ ಚಟ ಇದ್ದವರ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳನ್ನು ನೋಡಿದರು. ಅವರಲ್ಲಿ ಈ ತೊಂದರೆ ಬೇರೆಯವರಿಗಿಂತ ಸುಮಾರು 8 ಪಟ್ಟು ಜಾಸ್ತಿ ಇತ್ತು. ಆದರೆ ಒಂದೇ ಮನೆಯವರು ಜೀನ್ ಜತೆಗೆ ಮನೆಯ ವಾತಾವರಣವನ್ನೂ ಹಂಚಿಕೊಂಡಿರುತ್ತಾರೆ. ಹಾಗಾಗಿ ಆ 8 ಪಟ್ಟನ್ನು ಪೂರ್ತಿ ರಕ್ತದ ಲೆಕ್ಕಕ್ಕೆ ಹಾಕಬೇಡಿ.

ಎಲ್ಲ ಅಧ್ಯಯನಗಳನ್ನೂ ಸೇರಿಸಿ ಸ್ಥೂಲವಾಗಿ "ಅರ್ಧದಷ್ಟು ಆನುವಂಶಿಕ" ಅನ್ನುತ್ತಾರೆ. ಇದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ನಿಮ್ಮ ಮಗನಿಗೆ ಚಟ ಹತ್ತುವ ಸಾಧ್ಯತೆ ನೂರಕ್ಕೆ 50 ಅಂತ ಇದರ ಅರ್ಥ ಅಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೆ ಚಟ ಹತ್ತಿ ಇನ್ನೊಬ್ಬರಿಗೆ ಹತ್ತದಿರುವ ವ್ಯತ್ಯಾಸದಲ್ಲಿ ಅರ್ಧದಷ್ಟನ್ನು ಜೀನ್‌ಗಳು ವಿವರಿಸುತ್ತವೆ, ಅಷ್ಟೇ. ಒಬ್ಬ ಹುಡುಗನ ಭವಿಷ್ಯ ಆ ಸಂಖ್ಯೆಯಲ್ಲಿ ಇಲ್ಲ.

ನೇರ ಮಾತು

ಕ್ಷಮಿಸಿ, ನನಗೆ ಇದು ಒಪ್ಪಿಗೆ ಆಗುವುದಿಲ್ಲ. ಈಗ ಎಲ್ಲದಕ್ಕೂ ಜೀನ್ ಜೀನ್ ಅನ್ನುತ್ತಾರೆ. ಮನಸ್ಸು ಗಟ್ಟಿ ಇದ್ದರೆ ಯಾವ ಮಾತ್ರೆ ಏನು ಮಾಡೀತು? ನಮ್ಮೂರಲ್ಲಿ ಆಪರೇಷನ್ ಆದವರು ಎಷ್ಟು ಜನ ಇಲ್ಲ, ಅವರಿಗೆಲ್ಲ ಚಟ ಹತ್ತಿದೆಯಾ? ಜೀನ್ ಅಂದುಬಿಟ್ಟರೆ ಚಟ ಮಾಡುವವನಿಗೆ ಒಂದು ನೆಪ ಸಿಕ್ಕ ಹಾಗೆ. ಮನೆಯ ಬುದ್ಧಿ, ಸಹವಾಸ, ಅದೇ ಮುಖ್ಯ.

ದಾವಣಗೆರೆ ಮನೋವೈದ್ಯ

ಸರ್, ಪರಿಸರ ಮುಖ್ಯ ಅನ್ನುವುದರಲ್ಲಿ ನಿಮ್ಮ ಮಾತು ಸರಿ. ಅದಕ್ಕೆ ನಾನೇ ಸಾಕ್ಷಿ ಕೊಡುತ್ತೇನೆ. 1971ರಲ್ಲಿ ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಹಿಂಬಾಲಿಸಿ ಅಧ್ಯಯನ ಮಾಡಿದರು. ಅಲ್ಲಿದ್ದಾಗ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೆರಾಯಿನ್ ಅಥವಾ ಅಫೀಮು ರುಚಿ ನೋಡಿದ್ದರು. ಐವರಲ್ಲಿ ಒಬ್ಬನಿಗೆ ಚಟವೇ ಹತ್ತಿತ್ತು. ಊರಿಗೆ ಬಂದ ಮೊದಲ ವರ್ಷದಲ್ಲಿ, ಹಾಗೆ ಚಟ ಹತ್ತಿದವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5 ಜನ ಮಾತ್ರ. ಜೀನ್ ಬದಲಾಗಿರಲಿಲ್ಲ. ಮಾಲು ಕೈಗೆ ಸಿಗುವುದು, ಭಯ, ಬೇಸರ, ಜತೆಗಾರರು, ಇದೆಲ್ಲ ಬದಲಾಗಿತ್ತು.

ಆದರೆ ಆ 5 ಜನ ಯಾರು, ಯಾಕೆ ಅವರೇ? ಎಲ್ಲರೂ ಅದೇ ಯುದ್ಧ ನೋಡಿದ್ದರು, ಅದೇ ಹೆರಾಯಿನ್ ಸೇದಿದ್ದರು. ಜೀನ್‌ನ ಪ್ರಶ್ನೆ ಹುಟ್ಟುವುದು ಅಲ್ಲಿ. "ಮನಸ್ಸು ಗಟ್ಟಿ" ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಓಪಿಡಿಗೆ ಬರುವವರು ಗಟ್ಟಿ ಮನಸ್ಸಿನವರೇ. ಮೈಕೈ ನೋವು, ಭೇದಿ, ಬೆವರು, ನಿದ್ದೆ ಇಲ್ಲದೆ ಮಾತ್ರೆ ಬಿಡಲು ಎಷ್ಟೋ ಸಲ ಒದ್ದಾಡಿದವರು. ಅವರ ಮುಂದೆ ನಿಂತು ಮನಸ್ಸು ಗಟ್ಟಿ ಮಾಡಿಕೋ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಡಿಎನ್‌ಎ ಓದುವವಳು

ನಾನು ಬೆಂಗಳೂರಿನಲ್ಲಿ ಜೆನೆಟಿಕ್ಸ್ ಸಂಶೋಧನೆಯಲ್ಲಿದ್ದೇನೆ. ಆ ಟೆಸ್ಟ್ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಒಪಿಯಾಯ್ಡ್‌ಗಳು ಮೆದುಳಿನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಮ್ಯೂ ಅನ್ನುವ ರಿಸೆಪ್ಟರ್ (ಔಷಧ ಬಂದು ಅಂಟಿಕೊಳ್ಳುವ ಪ್ರೋಟೀನ್) ಮೂಲಕ. ಅದನ್ನು ತಯಾರಿಸುವ ಜೀನ್ ಒಪಿಆರ್‌ಎಂ1, ನಮ್ಮ 6ನೇ ಕ್ರೋಮೋಸೋಮ್‌ನಲ್ಲಿದೆ. 1996ರಲ್ಲಿ ಈ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಮಾರ್ಫಿನ್ ಕೊಟ್ಟರೆ ಅವಕ್ಕೆ ನೋವೂ ಇಳಿಯಲಿಲ್ಲ, ಸುಖವೂ ಸಿಗಲಿಲ್ಲ, ಅವಲಂಬನೆಯೂ ಬರಲಿಲ್ಲ. ಮೂರಕ್ಕೂ ಒಂದೇ ಬಾಗಿಲು ಅಂತ ಆಗಲೇ ಗೊತ್ತಾಯಿತು. ನೋವನ್ನು ಇಳಿಸುವುದು, ಚಟ ಹತ್ತಿಸುವುದು ಎರಡೂ ಒಂದೇ ಕಡೆಯಿಂದ ನಡೆಯುವುದೇ ಈ ಔಷಧಗಳ ದೊಡ್ಡ ತೊಡಕು.

ಈ ಜೀನ್‌ನಲ್ಲಿ ಒಂದು ಅಕ್ಷರದ ವ್ಯತ್ಯಾಸ ಇದೆ, ಎ118ಜಿ ಅಂತ. ಕೆಲವರಲ್ಲಿ ಆ ಜಾಗದಲ್ಲಿ ಎ, ಕೆಲವರಲ್ಲಿ ಜಿ. 1998ರಿಂದ ಇದರ ಮೇಲೆ ರಾಶಿ ರಾಶಿ ಸಂಶೋಧನೆ ಬಂತು. ಸಣ್ಣ ಸಣ್ಣ ಅಧ್ಯಯನಗಳಲ್ಲಿ ಹಲವು "ಜಿ ಇದ್ದವರಿಗೆ ಚಟದ ಅಪಾಯ ಜಾಸ್ತಿ" ಅಂದವು, ಹಲವು ಏನೂ ಇಲ್ಲ ಅಂದವು. ಆಮೇಲೆ ಅಮೆರಿಕದ ಮಾಜಿ ಸೈನಿಕರ ಮಿಲಿಯನ್ ವೆಟರನ್ ಪ್ರೋಗ್ರಾಂನ ದೊಡ್ಡ ಮಾಹಿತಿ ಸಿಕ್ಕಿತು. 2020ರಲ್ಲಿ ಅದರಿಂದ ಬಂದ ಫಲಿತಾಂಶದಲ್ಲಿ ಇದೇ ಅಕ್ಷರ ಎದ್ದು ಕಂಡಿತು. ಆದರೆ ದಿಕ್ಕು ತಿರುಗಿತ್ತು! ಯುರೋಪ್ ಮೂಲದವರಲ್ಲಿ ಸ್ವಲ್ಪ ಹೆಚ್ಚು ಅಪಾಯ ಕಂಡದ್ದು ಎ ಇದ್ದವರಲ್ಲಿ. ಅದೂ ತೀರಾ ಸಣ್ಣ ಪ್ರಭಾವ.

2022ರಲ್ಲಿ 4 ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ ನೋಡಿದಾಗ ಈ ಚಟಕ್ಕೆ ಸಂಬಂಧ ಇರುವ ಒಟ್ಟು 14 ಜಾಗಗಳು ಡಿಎನ್‌ಎಯಲ್ಲಿ ಸಿಕ್ಕವು. 2023ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಲ್ಲಿ ಕುಡಿತ, ತಂಬಾಕು, ಗಾಂಜಾ, ಒಪಿಯಾಯ್ಡ್ ಎಲ್ಲಕ್ಕೂ ಸಾಮಾನ್ಯವಾದ ಜೀನ್ ಗುರುತುಗಳನ್ನು ಹುಡುಕಿದರು. ಮೆದುಳಿನಲ್ಲಿ ಖುಷಿ, ಬಯಕೆಗೆ ಸಂಬಂಧಿಸಿದ ಡೋಪಮಿನ್ ವ್ಯವಸ್ಥೆಯ ನಿಯಂತ್ರಣ ಅಲ್ಲಿ ಮುಖ್ಯವಾಗಿ ಕಂಡಿತು. ನಿಮ್ಮ ತಂದೆಯವರ ಕುಡಿತ, ತಮ್ಮನ ಟ್ರಮಡಾಲ್, ಎರಡಕ್ಕೂ ಬೇರಿನಲ್ಲಿ ಎಲ್ಲೋ ಸಂಬಂಧ ಇರಬಹುದು ಅನ್ನುವುದಕ್ಕೆ ಆಧಾರ ಇದು. ಒಟ್ಟಿನಲ್ಲಿ ನೂರಾರು, ಬಹುಶಃ ಸಾವಿರಾರು ಜಾಗಗಳು ಒಂದೊಂದೂ ತುಸು ತುಸು ವಾಲಿಸುತ್ತವೆ. "ಚಟದ ಜೀನ್" ಅಂತ ಒಂದು ಇಲ್ಲವೇ ಇಲ್ಲ.

ಈಗ ಅವರ್ಟ್‌ಡಿ. ಅದು ನೋಡುವುದು 15 ಜಾಗಗಳನ್ನು ಮಾತ್ರ. ಹೆಚ್ಚಿನವು ದೊಡ್ಡ ಅಧ್ಯಯನಗಳಿಗೆ ಮುಂಚಿನ ಕಾಲದ, "ಇದು ಇರಬಹುದು" ಅಂತ ಊಹಿಸಿ ಆರಿಸಿದ ಜೀನ್‌ಗಳು. 2022ರ ಅಕ್ಟೋಬರ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿ 11-2 ಮತಗಳಿಂದ ಇದರ ವಿರುದ್ಧ ನಿಂತಿತು. ಆದರೂ ಒಂದಷ್ಟು ಬದಲಾವಣೆ ಮಾಡಿಸಿ 2023ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2024ರಲ್ಲಿ ತಜ್ಞರ ಒಂದು ಗುಂಪು ಒಪ್ಪಿಗೆ ವಾಪಸ್ ತೆಗೆದುಕೊಳ್ಳಿ ಅಂತ ಪತ್ರ ಬರೆಯಿತು. 2025ರ ಆರಂಭದಲ್ಲಿ, ನಾಲ್ಕೂವರೆ ಲಕ್ಷ ಮಾಜಿ ಸೈನಿಕರ ಮಾಹಿತಿಯಲ್ಲಿ ಅದೇ 15 ಜಾಗಗಳನ್ನು ಪರೀಕ್ಷಿಸಿದ ಅಧ್ಯಯನ ಬಂತು. ಎಲ್ಲ 15ನ್ನೂ ಸೇರಿಸಿದರೂ ಅಪಾಯದ ವ್ಯತ್ಯಾಸದಲ್ಲಿ ಶೇಕಡಾ 0.5ರಷ್ಟನ್ನೂ ವಿವರಿಸಲು ಆಗಲಿಲ್ಲ. ಕಂಪ್ಯೂಟರ್ ಮಾದರಿ ಸರಿಯಾಗಿ ಊಹಿಸಿದ್ದು ನೂರರಲ್ಲಿ ಸುಮಾರು 53 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿ ಬರುತ್ತದೆ.

ಅಕ್ಕ, ನನ್ನ ಉತ್ತರ: ಮಾಡಿಸಬೇಡಿ. ಅದಕ್ಕೆ ಹಣದ ವಿಷಯ ಕಾರಣ ಅಲ್ಲ. "ಅಪಾಯ ಕಡಿಮೆ" ಅಂತ ಬಂದರೆ ನೀವು, ಡಾಕ್ಟರ್, ಮಗ ಮೂವರೂ ಮೈಮರೆಯುತ್ತೀರಿ ಅನ್ನುವ ಭಯ.

ಗಂಗಾವತಿ ಮೆಡಿಕಲ್ಸ್

ನಾನು ಔಷಧ ಅಂಗಡಿ ನಡೆಸುವವನು. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಯಾಕೆಂದರೆ ಎರಡು ಬೇರೆ ಬೇರೆ ಟೆಸ್ಟ್‌ಗಳನ್ನು ಜನ ಕಲಸಿಕೊಳ್ಳುತ್ತಾರೆ.

ಸಿವೈಪಿ2ಡಿ6 ಅಂತ ಲಿವರ್‌ನಲ್ಲಿ ಒಂದು ಕಿಣ್ವ ಇದೆ. ಕೊಡೀನ್ ಹೊಟ್ಟೆಗೆ ಹೋದ ಮೇಲೆ ಇದೇ ಅದನ್ನು ಮಾರ್ಫಿನ್ ಮಾಡುವುದು. ಟ್ರಮಡಾಲ್‌ಗೂ ಪೂರ್ತಿ ಬಲ ಬರುವುದು ಇದರಿಂದ. ಈ ಜೀನ್ ಕೆಲವರಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಅವರಿಗೆ ಕೊಡೀನ್ ಕೊಟ್ಟರೆ ನೀರು ಕುಡಿದ ಹಾಗೆ, ನೋವು ಇಳಿಯುವುದಿಲ್ಲ. ಇನ್ನು ಕೆಲವರಲ್ಲಿ ಅತಿ ವೇಗ. ಅವರಲ್ಲಿ ಮಾಮೂಲಿ ಡೋಸ್ ಕೂಡ ಉಸಿರಾಟಕ್ಕೆ ಕುತ್ತು ತರಬಹುದು. ಟಾನ್ಸಿಲ್ ಆಪರೇಷನ್ ಆದ ಮಕ್ಕಳು ಹೀಗೆ ತೀರಿಕೊಂಡ ಮೇಲೆ ಎಫ್‌ಡಿಎ 2013ರಲ್ಲಿ ಕಡು ಎಚ್ಚರಿಕೆ ಕೊಟ್ಟಿತು. 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್ ಕೊಡಲೇಬಾರದು, ನೋವಿಗೆ ಟ್ರಮಡಾಲ್ ಕೂಡ ಕೊಡಬಾರದು ಅಂತ ಹೇಳಿತು.

ಈ ಜೀನ್ ಟೆಸ್ಟ್ ನಿಜವಾಗಿ ಉಪಯೋಗದ್ದು. ಆದರೆ ಅದು ಹೇಳುವುದು ಔಷಧ ಮೈಯಲ್ಲಿ ಹೇಗೆ ಕೆಲಸ ಮಾಡುತ್ತೆ ಅಂತ, ಚಟ ಹತ್ತುತ್ತಾ ಅಂತ ಅಲ್ಲ. ಇದು ಗೊತ್ತಿಲ್ಲದೆ ಆಗುವ ಅನ್ಯಾಯ ನೋಡಿ. ಮಾತ್ರೆ ಕೆಲಸವೇ ಮಾಡದ ಮನುಷ್ಯ "ನೋವು ಹೋಗಿಲ್ಲ, ಬೇರೆ ಕೊಡಿ" ಅಂದರೆ ಅವನನ್ನೇ ಚಟದವನು ಅಂದುಕೊಳ್ಳುತ್ತಾರೆ.

ನಿಮ್ಮ ತಮ್ಮನ ವಿಷಯ ಓದಿ ಬೇಜಾರಾಯಿತು. ನಮ್ಮಲ್ಲಿ ಟ್ರಮಡಾಲ್ ಎಚ್1 ಶೆಡ್ಯೂಲ್‌ನಲ್ಲಿದೆ. ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ, ಎಲ್ಲ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. 2018ರಲ್ಲಿ ಅದನ್ನು ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಅಡಿಗೂ ತಂದರು. ಆದರೂ ಹಳೇ ಚೀಟಿ ಹಿಡಿದು ಬರುವವರು ಇದ್ದಾರೆ. ಚೀಟಿ ಮಡಿಸಿ ಮಡಿಸಿ ಗೆರೆಯ ಜಾಗದಲ್ಲಿ ಹರಿದಿರುತ್ತದೆ, ತಾರೀಕಿನ ಮೇಲೆ ಪೆನ್ನಿನಲ್ಲಿ ತಿದ್ದಿರುತ್ತಾರೆ. ಕೊಡುವುದಿಲ್ಲ ಅಂದಾಗ ಬೈಯುವುದಿಲ್ಲ, ಕೈಮುಗಿಯುತ್ತಾರೆ. ಅದನ್ನು ನೋಡಲು ಆಗುವುದಿಲ್ಲ.

ಹೆಸರು ಬೇಡ

ನಾನು ಆ ಕೈಮುಗಿದವರಲ್ಲಿ ಒಬ್ಬ. ಈಗ ಚಟ ಬಿಡಿಸಲು ಕೊಡುವ ಬುಪ್ರಿನಾರ್ಫಿನ್ ಔಷಧದ ಚಿಕಿತ್ಸೆಯಲ್ಲಿದ್ದೇನೆ, ಕೆಲಸಕ್ಕೆ ಹೋಗುತ್ತಿದ್ದೇನೆ.

ನನಗೂ ನಮ್ಮಣ್ಣನಿಗೂ ಒಂದೇ ಅಪಘಾತ. ಇಬ್ಬರಿಗೂ ಅದೇ ಆಸ್ಪತ್ರೆ, ಅದೇ ಮಾತ್ರೆ. ಅಣ್ಣನಿಗೆ ಮಾತ್ರೆ ತಿಂದರೆ ವಾಕರಿಕೆ, ತಲೆ ಸುತ್ತು. "ಥೂ, ಇದು ಬೇಡ" ಅಂತ ಸ್ಟ್ರಿಪ್ ಅರ್ಧಕ್ಕೇ ಬಿಟ್ಟ. ನನಗೆ ಅದೇ ಮಾತ್ರೆ ಮೊದಲ ದಿನವೇ ಬೇರೆ ತರ ಇತ್ತು. ನೋವು ಹೋಗಿದ್ದು ಬಿಡಿ, ಚಿಕ್ಕಂದಿನಿಂದ ಎದೆಯಲ್ಲಿ ಇದ್ದ ಒಂದು ಗಾಬರಿ ಇಳಿದುಹೋಯಿತು. ಎಲ್ಲರೂ ದಿನಾ ಹೀಗೇ ಇರುತ್ತಾರಾ, ನಾನೊಬ್ಬನೇ ಹಾಗೆ ಇರಲಿಲ್ಲವಾ ಅನ್ನಿಸಿತು. ಅಣ್ಣ ಬಿಟ್ಟ ಅರ್ಧ ಸ್ಟ್ರಿಪ್ ಕೂಡ ನಾನೇ ತಿಂದೆ.

ನೇರ ಮಾತು ಸರ್, ನಾನು ನೆಪ ಹೇಳುತ್ತಿಲ್ಲ. ಮೊದಲ ಮಾತ್ರೆ ನುಂಗುವಾಗ ಇಬ್ಬರ ಮನಸ್ಸೂ ಒಂದೇ ಇತ್ತು. ಕಾಲು ನೋಯುತ್ತಿತ್ತು, ನುಂಗಿದೆವು. ಒಳಗೆ ನಡೆದದ್ದು ಬೇರೆ ಬೇರೆ. ಅದು ಜೀನ್ ಇರಬಹುದು, ನನ್ನ ಗಾಬರಿ ಸ್ವಭಾವ ಇರಬಹುದು. ಆವತ್ತು ಯಾರಾದರೂ "ಮಾತ್ರೆ ತಿಂದಾಗ ಹೇಗನ್ನಿಸಿತು?" ಅಂತ ಕೇಳಿದ್ದಿದ್ದರೆ ನಾನು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಅಕ್ಕ, ನಿಮ್ಮ ಮಗನಿಗೆ ಅದನ್ನು ಕೇಳಿ. ಟೆಸ್ಟ್‌ಗಿಂತ ಅದು ಮೇಲು.

ದಾವಣಗೆರೆ ಮನೋವೈದ್ಯ

ತಮ್ಮಾ, ಇದನ್ನು ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ "ಗಾಬರಿ ಇಳಿಯಿತು" ಅನ್ನುವುದನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಆತಂಕ, ಖಿನ್ನತೆ ಇದ್ದವರಲ್ಲಿ ಅಪಾಯ ಜಾಸ್ತಿ. ಒಪಿಯಾಯ್ಡ್ ಚಟದ ಆನುವಂಶಿಕ ಹಿನ್ನೆಲೆ, ಮಾನಸಿಕ ಕಾಯಿಲೆಗಳ ಆನುವಂಶಿಕ ಹಿನ್ನೆಲೆ ಇವುಗಳ ನಡುವೆ ಸಾಕಷ್ಟು ಹೊಂದಿಕೆ ಇದೆ ಅಂತ ದೊಡ್ಡ ಅಧ್ಯಯನಗಳೂ ಹೇಳುತ್ತವೆ.

ತುಂಗೆಯ ದಡ

ಎಲ್ಲರ ಉತ್ತರ ಓದಿ ಕಣ್ಣು ತುಂಬಿ ಬಂತು. ಹೆಸರು ಬೇಡ ಅಂದ ತಮ್ಮ, ನಿಮಗೆ ಒಳ್ಳೆಯದಾಗಲಿ.

ಡಿಎನ್‌ಎ ಮೇಡಂ, ಒಂದು ಪ್ರಶ್ನೆ. ಯುರೋಪ್ ಮೂಲದವರಲ್ಲಿ ಅಂತ ಹೇಳಿದಿರಿ. ನಮ್ಮವರಲ್ಲಿ ಹೇಗೆ? ನಮ್ಮೆಜಮಾನರು ಕೇಳುತ್ತಿದ್ದಾರೆ, ಟೆಸ್ಟ್ ಪೂರ್ತಿ ಸುಳ್ಳಲ್ಲವಲ್ಲ, ಒಂದಷ್ಟಾದರೂ ಹೇಳುತ್ತದಲ್ಲ, ಮಾಡಿಸಿದರೆ ನಷ್ಟ ಏನು ಅಂತ.

ಡಿಎನ್‌ಎ ಓದುವವಳು

ಎರಡೂ ಒಳ್ಳೆಯ ಪ್ರಶ್ನೆ.

ಎ118ಜಿಯಲ್ಲಿ ಜಿ ಅಕ್ಷರ ಯುರೋಪ್ ಮೂಲದವರಲ್ಲಿ ನೂರಕ್ಕೆ 15ರ ಆಸುಪಾಸು. ಆಫ್ರಿಕಾ ಮೂಲದವರಲ್ಲಿ ಬಹಳ ಕಡಿಮೆ. ಭಾರತ ಮತ್ತು ಪೂರ್ವ ಏಷ್ಯಾದಲ್ಲಿ ನೂರಕ್ಕೆ 40ರ ಹತ್ತಿರ. ಸಿಂಗಾಪುರದಲ್ಲಿ ಸಿಸೇರಿಯನ್ ಆದ ಮಹಿಳೆಯರನ್ನು ನೋಡಿದಾಗ ಜಿ ಇದ್ದವರಿಗೆ ನೋವು ಇಳಿಯಲು ಮಾರ್ಫಿನ್ ಸ್ವಲ್ಪ ಜಾಸ್ತಿ ಬೇಕಾಗಿತ್ತು. ಹಾಗಂತ ನಮ್ಮವರಿಗೆ ಚಟ ಜಾಸ್ತಿ ಅಥವಾ ಕಡಿಮೆ ಅಂತ ಇದರಿಂದ ಹೇಳಲು ಬರುವುದಿಲ್ಲ. ನೋವಿನ ಔಷಧಗಳ ಜೀನ್ ಮಾರ್ಗಸೂಚಿ ಬರೆಯುವ ಸಿಪಿಐಸಿ ತಜ್ಞರೂ ಒಪಿಆರ್‌ಎಂ1 ನೋಡಿ ಡೋಸ್ ಬದಲಿಸಲು ಸಾಕಷ್ಟು ಆಧಾರ ಇಲ್ಲ ಅಂತಲೇ ಹೇಳಿದ್ದಾರೆ.

ಸಮಸ್ಯೆ ಇರುವುದು ಇಲ್ಲಿ. ಇಂಥ ಅಕ್ಷರಗಳು ಜನಾಂಗದಿಂದ ಜನಾಂಗಕ್ಕೆ ಬಹಳ ವ್ಯತ್ಯಾಸ ಆಗುತ್ತವೆ. ಕಂಪ್ಯೂಟರ್‌ಗೆ ಚಟ ಇದ್ದವರು, ಇಲ್ಲದವರು ಅಂತ ಎರಡು ಗುಂಪು ಕೊಟ್ಟು ಕಲಿ ಅಂದರೆ, ಆ ಗುಂಪುಗಳಲ್ಲಿ ಜನಾಂಗದ ಪ್ರಮಾಣ ಬೇರೆ ಇದ್ದರೆ, ಅದು ಚಟವನ್ನು ಕಲಿಯದೆ ಜನಾಂಗವನ್ನು ಕಲಿತುಬಿಡುತ್ತದೆ. 2021ರಲ್ಲಿ ಒಂದು ತಂಡ ಇದನ್ನೇ ತೋರಿಸಿಕೊಟ್ಟಿತು. ಈ ತರದ ಜೀನ್ ಪಟ್ಟಿ ಚಟವನ್ನು ಊಹಿಸುವುದಕ್ಕಿಂತ ಪೂರ್ವಜರು ಎಲ್ಲಿಯವರು ಅನ್ನುವುದನ್ನೇ ಚೆನ್ನಾಗಿ ಊಹಿಸುತ್ತಿತ್ತು. ಅಂಥ ಟೆಸ್ಟ್ ಮಲೆನಾಡಿನ ಹುಡುಗನ ಮೇಲೆ ಏನು ಹೇಳುತ್ತದೋ ಅದನ್ನು ನಾನು ನಂಬುವುದಿಲ್ಲ.

ಇನ್ನು ನಷ್ಟ ಏನು ಅಂತ. ಕಂಪನಿ ತನ್ನ ಸಣ್ಣ ಅಧ್ಯಯನದಲ್ಲಿ ಹೇಳಿಕೊಂಡ ನಿಖರತೆಯನ್ನೇ, ಸುಮಾರು 80ರಷ್ಟು ಅಂತ, ಪೂರ್ತಿ ನಂಬೋಣ. 1,000 ಜನರಿಗೆ ಟೆಸ್ಟ್ ಮಾಡಿದಿರಿ, ಅವರಲ್ಲಿ 50 ಜನಕ್ಕೆ ಮುಂದೆ ನಿಜವಾಗಿ ತೊಂದರೆ ಆಗುವುದಿದೆ ಅಂತ ಇಟ್ಟುಕೊಳ್ಳಿ. ಆ 50ರಲ್ಲಿ 40 ಜನರನ್ನು ಟೆಸ್ಟ್ ಹಿಡಿಯುತ್ತದೆ. ಉಳಿದ 950ರಲ್ಲಿ 190 ಜನರಿಗೂ "ಅಪಾಯ ಇದೆ" ಅಂತ ಮುದ್ರೆ ಬೀಳುತ್ತದೆ. ಅಂದರೆ ಮುದ್ರೆ ಬಿದ್ದ 230 ಜನರಲ್ಲಿ 190 ಜನರ ಮೇಲೆ ಸುಳ್ಳು ಮುದ್ರೆ. ಅವರಿಗೆ ಮುಂದೆ ದೊಡ್ಡ ನೋವು ಬಂದಾಗ ಡಾಕ್ಟರ್ ಔಷಧ ಕೊಡಲು ಹಿಂಜರಿದರೆ? ಇತ್ತ 10 ಜನ "ನನಗೇನೂ ಆಗಲ್ಲ" ಅಂತ ಧೈರ್ಯವಾಗಿ ಮಾತ್ರೆ ತಿನ್ನುತ್ತಾರೆ. ದೊಡ್ಡ ಅಧ್ಯಯನದಲ್ಲಿ ಕಂಡ ನಿಖರತೆ ಹಿಡಿದರೆ ಲೆಕ್ಕ ಇನ್ನೂ ಕೆಡುತ್ತದೆ.

ಭಾರತದವರ ಮೇಲೆ ನಮ್ಮಲ್ಲೇ ಕೆಲಸ ಆಗಬೇಕು, ಆಗುತ್ತಲೂ ಇದೆ. ನಿಮ್ಹಾನ್ಸ್ ಮುಂದಾಳತ್ವದ ಸಿ-ವೇದ ಯೋಜನೆಯಲ್ಲಿ ಬೆಂಗಳೂರು, ಮೈಸೂರು ಸೇರಿ ದೇಶದ ಹಲವು ಕೇಂದ್ರಗಳ ಮಕ್ಕಳು, ಯುವಕರನ್ನು ಸೇರಿಸಿಕೊಂಡು, ಯಾರಲ್ಲಿ ಚಟದ ಕಡೆ ಒಲವು ಬೆಳೆಯುತ್ತದೆ ಅಂತ ನೋಡುತ್ತಿದ್ದಾರೆ. ಎಡಿಬಿಎಸ್ ಅನ್ನುವ ಇನ್ನೊಂದು ಯೋಜನೆ, ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ಕಾಯಿಲೆ ಅಥವಾ ಚಟ ಇರುವ ಕುಟುಂಬಗಳನ್ನು ಅಧ್ಯಯನ ಮಾಡುತ್ತಿದೆ. ಅಂಥ ಮನೆಗಳು ಮುಂದೆ ಬಂದು ಮಾತಾಡಿದ್ದರಿಂದಲೇ ಈ ಕೆಲಸ ಸಾಧ್ಯ ಆಗಿದ್ದು.

ಅಪ್ಪನ ಮಗಳು

ವಿಷಯ ಸ್ವಲ್ಪ ಬೇರೆ, ಆದರೂ ಹೇಳಲೇಬೇಕು. ನಮ್ಮಪ್ಪನಿಗೆ ಬಾಯಿ ಕ್ಯಾನ್ಸರ್ ಇತ್ತು. ಮೊದಲು ಬಹಳ ಕುಡಿಯುತ್ತಿದ್ದರು. ಕೊನೆಯ ಹಂತದಲ್ಲಿ ಮಾರ್ಫಿನ್ ಮಾತ್ರೆ ಕೊಡಬೇಕು ಅಂದಾಗ ಚಿಕ್ಕಪ್ಪಂದಿರು ಎಲ್ಲ ಸೇರಿ ಬೇಡ ಅಂದರು. "ಮೊದಲೇ ಕುಡುಕ, ಇನ್ನು ಇದೂ ಚಟ ಆಗುತ್ತೆ" ಅಂತ. ಅಪ್ಪ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರುತ್ತಿದ್ದರು. ದಿಂಬಿಗೆ ಕೆನ್ನೆ ತಾಗಿಸಲು ಆಗುತ್ತಿರಲಿಲ್ಲ. ಆರೈಕೆ ತಂಡದ ಡಾಕ್ಟರಮ್ಮ ಮನೆಗೇ ಬಂದು ಕೂತು ಚಿಕ್ಕಪ್ಪನಿಗೆ ಬಿಡಿಸಿ ಹೇಳಿದ ಮೇಲೆ ಮಾತ್ರೆ ಶುರುವಾಯಿತು. ಆವತ್ತು ಅಪ್ಪ ಮಲಗಿ ನಿದ್ದೆ ಮಾಡಿದರು.

ವಂಶದಲ್ಲಿ ಚಟ ಇದೆ ಅನ್ನುವ ಕಾರಣಕ್ಕೆ ನೋವಿನಲ್ಲಿರುವವರಿಗೆ ಔಷಧ ತಪ್ಪಿಸಬೇಡಿ. ಇದೇ ನನ್ನ ಕೋರಿಕೆ.

ದಾವಣಗೆರೆ ಮನೋವೈದ್ಯ

ನೂರಕ್ಕೆ ನೂರು ನಿಜ ಮಗಳೇ. ಕ್ಯಾನ್ಸರ್ ನೋವಿಗೆ ಸರಿಯಾದ ಮೇಲ್ವಿಚಾರಣೆಯಲ್ಲಿ ಮಾರ್ಫಿನ್ ಕೊಡುವುದು ಚಿಕಿತ್ಸೆ. ಮೈ ಔಷಧಕ್ಕೆ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ನಮ್ಮ ದೇಶದಲ್ಲಿ ಮಾರ್ಫಿನ್ ಸಿಗುವುದೇ ಕಷ್ಟ ಆಗಿತ್ತು. ಅದಕ್ಕೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಿದ್ದಿ ಆಸ್ಪತ್ರೆಗಳಿಗೆ ಲೈಸೆನ್ಸ್ ಸುಲಭ ಮಾಡಿದರು. ಕುಟುಂಬದಲ್ಲಿ ಚಟದ ಇತಿಹಾಸ ಇದ್ದರೆ ನಾವು ಮಾಡುವುದು ಹೆಚ್ಚು ಸಲ ನೋಡುವುದು, ಕಡಿಮೆ ಕಡಿಮೆ ಮಾತ್ರೆ ಕೊಡುವುದು, ಮಾತ್ರೆ ಡಬ್ಬಿ ಮನೆಯ ಬೇರೆಯವರ ಕೈಯಲ್ಲಿ ಇಡಿಸುವುದು. ಔಷಧವನ್ನೇ ಕೊಡದಿರುವುದು ಅಲ್ಲ.

ಎಡಿಸನ್ ನರ್ಸ್

ತುಂಗೆಯ ದಡ ಅವರೇ, ನಾನೂ ನ್ಯೂಜೆರ್ಸಿಯಲ್ಲೇ ಇದ್ದೇನೆ. ಆಪರೇಷನ್ ಆದವರನ್ನು ನೋಡಿಕೊಳ್ಳುವ ವಾರ್ಡ್‌ನಲ್ಲಿ ಕೆಲಸ. ಈಗ ಕೈಯಲ್ಲಿ ಏನಿದೆ ಅಂತ ಹೇಳುತ್ತೇನೆ.

ಜೀನ್ ಬದಲಿಸಲು ಆಗುವುದಿಲ್ಲ, ಎಷ್ಟು ದಿನ ಮಾತ್ರೆ ಅನ್ನುವುದನ್ನು ಬದಲಿಸಬಹುದು. 2017ರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಪ್ರಕಟಿಸಿದ ಲೆಕ್ಕ ಇದೆ. ಮೊದಲ ಸಲ ಒಪಿಯಾಯ್ಡ್ ತೆಗೆದುಕೊಂಡವರಲ್ಲಿ, ಒಂದು ದಿನದ ಮಾತ್ರೆ ಸಿಕ್ಕವರು ವರ್ಷದ ನಂತರವೂ ತಿನ್ನುತ್ತಿದ್ದದ್ದು ನೂರಕ್ಕೆ 6 ಜನ. ಎಂಟು ದಿನ ಅಥವಾ ಅದಕ್ಕಿಂತ ಜಾಸ್ತಿ ಸಿಕ್ಕವರಲ್ಲಿ ಅದು 13.5. ಒಂದು ತಿಂಗಳಿಗಿಂತ ಜಾಸ್ತಿ ಆದರೆ 30ರ ಹತ್ತಿರ. ಮೂರನೇ ದಿನ ದಾಟಿದ ಮೇಲೆ ಪ್ರತಿ ದಿನಕ್ಕೂ ಅಪಾಯ ಏರುತ್ತದೆ. ನಮ್ಮ ರಾಜ್ಯದಲ್ಲಿ 2017ರಿಂದ ಕಾನೂನೇ ಇದೆ, ಇಂಥ ನೋವಿಗೆ ಮೊದಲ ಚೀಟಿ 5 ದಿನಕ್ಕಿಂತ ಜಾಸ್ತಿ ಬರೆಯುವ ಹಾಗಿಲ್ಲ. ನೀವು ಇನ್ನೂ ಕಡಿಮೆ ಕೇಳಬಹುದು.

ಸರ್ಜನ್ ಹತ್ತಿರ ಹೀಗೆ ಮಾತಾಡಿ. ನರಕ್ಕೆ ಬ್ಲಾಕ್ (ನರ ಮರಗಟ್ಟಿಸುವ ಇಂಜೆಕ್ಷನ್) ಕೊಡುತ್ತೀರಾ ಅಂತ ಕೇಳಿ, ಮೊದಲ ದಿನದ ದೊಡ್ಡ ನೋವು ಅದರಲ್ಲಿ ಕಳೆಯುತ್ತದೆ. ಅವನಿಗೆ ಹೊಟ್ಟೆ, ಕಿಡ್ನಿ, ಲಿವರ್ ತೊಂದರೆ ಇಲ್ಲದಿದ್ದರೆ ಐಬುಪ್ರೊಫೆನ್, ಅಸಿಟಾಮಿನೊಫೆನ್ (ಊರಲ್ಲಿ ಪ್ಯಾರಾಸಿಟಮಾಲ್ ಅನ್ನುತ್ತಾರೆ) ಎರಡನ್ನೂ ಡಾಕ್ಟರ್ ಹೇಳಿದ ಹೊತ್ತಿಗೆ ತಪ್ಪದೆ ಕೊಡುವುದು ಮೊದಲು, ಆಕ್ಸಿಕೋಡೋನ್ ಆಮೇಲೆ. ಕೈಕಾಲು ಪೆಟ್ಟಾಗಿ ಎಮರ್ಜೆನ್ಸಿಗೆ ಬಂದವರಲ್ಲಿ ಈ ಜೋಡಿಯನ್ನು ಒಪಿಯಾಯ್ಡ್ ಮಾತ್ರೆಗಳ ಜತೆ ಹೋಲಿಸಿ 2017ರಲ್ಲಿ ನೋಡಿದ್ದರು. ಎರಡು ಗಂಟೆಯ ನಂತರ ನೋವು ಇಳಿದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇನ್ನೊಂದು, 2025ರ ಜನವರಿಯಲ್ಲಿ ಸುಜೆಟ್ರಿಜಿನ್ ಅನ್ನುವ ಹೊಸ ಮಾತ್ರೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಅದು ಒಪಿಯಾಯ್ಡ್ ಅಲ್ಲ, ನೋವಿನ ನರಗಳಲ್ಲೇ ಕೆಲಸ ಮಾಡುತ್ತದೆ. ನಿಮ್ಮ ಇನ್ಶೂರೆನ್ಸ್ ಕೊಡುತ್ತದಾ ವಿಚಾರಿಸಿ.

ಉಳಿದ ಮಾತ್ರೆ ಬಾತ್‌ರೂಮ್ ಕಪಾಟಿನಲ್ಲಿ ಇಡಬೇಡಿ, ಫಾರ್ಮಸಿಯ ಪೆಟ್ಟಿಗೆಗೆ ಹಾಕಿ. ಒಪಿಯಾಯ್ಡ್ ಅತಿಯಾಗಿ ಉಸಿರು ನಿಲ್ಲುವಾಗ ಜೀವ ಉಳಿಸುವ ನಲೊಕ್ಸೋನ್ ಮೂಗಿನ ಸ್ಪ್ರೇ 2023ರಿಂದ ಚೀಟಿ ಇಲ್ಲದೆ ಸಿಗುತ್ತದೆ, ಒಂದು ಮನೆಯಲ್ಲಿರಲಿ.

ಜೀನ್ ಟೆಸ್ಟ್ ಬಗ್ಗೆ ಯಾರೂ ಹೇಳದ ಒಂದು ವಿಷಯ. ಇಲ್ಲಿ 2008ರ ಗಿನಾ ಕಾನೂನು ಇದೆ. ಜೀನ್ ನೋಡಿ ಹೆಲ್ತ್ ಇನ್ಶೂರೆನ್ಸ್, ಕೆಲಸ ನಿರಾಕರಿಸುವ ಹಾಗಿಲ್ಲ. ಆದರೆ ಲೈಫ್ ಇನ್ಶೂರೆನ್ಸ್‌ಗೆ ಆ ರಕ್ಷಣೆ ಇಲ್ಲ.

ಮತ್ತೆ, ಅವನಿಗೆ 19 ಆಯಿತಲ್ವಾ? ಕಾನೂನಿನ ಪ್ರಕಾರ ಈ ತೀರ್ಮಾನ ಅವನದು. ಅವನಿಗೆ ತಾತನ ವಿಷಯ, ಮಾಮನ ವಿಷಯ ಗೊತ್ತಾ?

ತುಂಗೆಯ ದಡ

ಗೊತ್ತಿರಲಿಲ್ಲ. ಮಾಮನಿಗೆ ಹುಷಾರಿಲ್ಲ ಅಂತಷ್ಟೇ ಹೇಳಿದ್ದೆವು. ನಿಮ್ಮ ಮಾತು ಓದಿದ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ನಮ್ಮೆಜಮಾನರಿಗೆ ಇಷ್ಟ ಇರಲಿಲ್ಲ, ಆದರೂ ಪಕ್ಕದಲ್ಲೇ ಕೂತಿದ್ದರು. ಮಗ ಕೇಳಿದ ಮೊದಲ ಮಾತು, "ಮಾಮನಿಗೆ ಯಾಕಮ್ಮ ಯಾರೂ ಸಹಾಯ ಮಾಡಲಿಲ್ಲ?"

ತುಂಗೆಯ ದಡ

ಆಪರೇಷನ್ ಆಯಿತು, ಮಗ ಚೆನ್ನಾಗಿದ್ದಾನೆ. ಟೆಸ್ಟ್ ಮಾಡಿಸಲಿಲ್ಲ. ಬ್ಲಾಕ್ ಕೊಟ್ಟರು. ಮೂರು ದಿನದ ಮಾತ್ರೆ ಮಾತ್ರ ಬರೆಸಿಕೊಂಡೆವು, ಡಬ್ಬಿ ನನ್ನ ಹತ್ತಿರ ಇತ್ತು. ಎರಡನೇ ರಾತ್ರಿ ಬಹಳ ನೋವಿತ್ತು, ಆಗ ಕೊಟ್ಟೆ. ಹೇಗನ್ನಿಸಿತು ಅಂತ ಕೇಳಿದೆ. ತುರಿಕೆ ಬಂತು, ತಲೆ ಮಂಕಾಯಿತು, ಇಷ್ಟ ಆಗಲಿಲ್ಲ ಅಂದ. ಉಳಿದದ್ದನ್ನು ಅವನೇ ಫಾರ್ಮಸಿ ಪೆಟ್ಟಿಗೆಗೆ ಹಾಕಿ ಬಂದ.

ಈಗ ಅವನು ಮಾಮನ ಹಿಂದೆ ಬಿದ್ದಿದ್ದಾನೆ. ದಿನಾ ವಾಟ್ಸಾಪ್‌ನಲ್ಲಿ ಮಾತಾಡುತ್ತಾನೆ. ತಮ್ಮ ಚಿಕಿತ್ಸೆಗೆ ಒಪ್ಪಿದ್ದಾನೆ, ಆದರೆ ಎರಡು ಭಯ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಾ ಅಂತ ಒಂದು. ಇನ್ನೊಂದು, ಇದು ನಮ್ಮ ಅಪ್ಪನಿಂದ ಬಂದದ್ದು ಅಂದಮೇಲೆ ಔಷಧ ಹಿಡಿಯುತ್ತದಾ ಅಂತ. ಎಲ್ಲಿಗೆ ಕಳಿಸಲಿ ಸರ್?

ದಾವಣಗೆರೆ ಮನೋವೈದ್ಯ

ಬಹಳ ಸಂತೋಷ ಆಯಿತು ಅಕ್ಕ.

ಖಂಡಿತ ಹಿಡಿಯುತ್ತದೆ ಅಂತ ತಮ್ಮನಿಗೆ ಹೇಳಿ. ಬುಪ್ರಿನಾರ್ಫಿನ್ ಕೆಲಸ ಮಾಡುವುದು ಅದೇ ಮ್ಯೂ ರಿಸೆಪ್ಟರ್ ಮೇಲೆ. ತಲಬು ಇಳಿಸುತ್ತದೆ, ಡಾಕ್ಟರ್ ಹೇಳಿದಂತೆ ತೆಗೆದುಕೊಂಡರೆ ಆ ತರ ನಶೆ ಏರಿಸುವುದಿಲ್ಲ. ಅಪ್ಪ ಕುಡಿಯುತ್ತಿದ್ದರಾ ಇಲ್ಲವಾ ಅಂತ ನೋಡಿ ಅದು ಕೆಲಸ ಮಾಡುವುದಿಲ್ಲ. ಹಾಗೇ ಎಲ್ಲರಿಗೂ ಅದೇ ಬೇಕು ಅಂತಲೂ ಇಲ್ಲ. ಟ್ರಮಡಾಲ್ ಎಷ್ಟು ತಿನ್ನುತ್ತಾನೆ ಅನ್ನುವುದರ ಮೇಲೆ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಒಂದು ಎಚ್ಚರಿಕೆ, ಒಮ್ಮೆಲೇ ತಾನಾಗಿ ಬಿಡುವುದು ಬೇಡ. ಟ್ರಮಡಾಲ್ ಜಾಸ್ತಿ ತಿನ್ನುವವರಿಗೆ ಫಿಟ್ಸ್ ಬರುವುದೂ ಉಂಟು. ಹಿಂದೆ ಯಾವಾಗಲಾದರೂ ಬಂದಿದ್ದರೆ ಅದನ್ನು ಮೊದಲೇ ಹೇಳಲಿ.

ಪೊಲೀಸ್ ಭಯ ಬೇಡ. ಸ್ವಂತ ಬಳಕೆಯವರು ತಾವಾಗಿ ಚಿಕಿತ್ಸೆಗೆ ಬಂದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ರಕ್ಷಣೆ ಇದೆ.

ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಲಿ. ಹೋಗಲು ಮುಜುಗರ ಅಂದರೆ 14416ಕ್ಕೆ ಫೋನ್ ಮಾಡಲಿ, ಟೆಲಿಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವ ಕೇಂದ್ರಗಳ ಮಾಹಿತಿಗೆ 14446 ಇದೆ. ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಚಟ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಹಳೇ ಚೀಟಿಗಳು ಏನಿವೆಯೋ ಎಲ್ಲ ಜತೆಗೆ ತರಲಿ. ದಿನಕ್ಕೆ ಎಷ್ಟು ಮಾತ್ರೆ ಅನ್ನುವುದನ್ನು ಕಡಿಮೆ ಮಾಡಿ ಹೇಳುವುದು ಬೇಡ. ತಂದೆಯವರ ವಿಷಯವನ್ನೂ ಹೇಳಲಿ. ಜತೆಗೆ ಮನೆಯವರು ಒಬ್ಬರು ಬರಲಿ.

ಹೆಸರು ಬೇಡ

ಅಕ್ಕ, ನಾನು ಶಿವಮೊಗ್ಗದಿಂದ ದೂರ ಇಲ್ಲ. ಜತೆಗೆ ಬರುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ನಾನು ಹೋಗುತ್ತೇನೆ. ಮೊದಲ ದಿನ ಸಾಲಿನಲ್ಲಿ ಒಬ್ಬನೇ ನಿಲ್ಲುವುದು ಕಷ್ಟ. ಇಲ್ಲೇ ಖಾಸಗಿ ಸಂದೇಶ ಕಳಿಸಿ.